ಎಚ್‌ಐವಿಯೊಂದಿಗೆ ಬೆಳೆಯುತ್ತಿರುವ ಹದಿಹರೆಯದವರ ಆರೈಕೆ: ಸಂಶೋಧನೆಯ ಆದ್ಯತೆಗಳು ಮತ್ತು ಗ್ರಾಮ ಪಂಚಾಯತಿ

(ಗ್ರಾಮ ಪಂಚಾಯತಿಗಳ ಚುನಾಯಿತ ಪ್ರತಿನಿಧಿಗಳು ಹಾಗೂ ಸಿಬ್ಬಂದಿಯ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಂಶೋಧನೆ ಎಂಬ ಪದ ಕಿವಿಗೆ ಬಿದ್ದೊಡನೆ ಅದು ರಾಜಧಾನಿಯ ದೊಡ್ಡ ಆಸ್ಪತ್ರೆಗಳಿಗೂ ವಿಶ್ವವಿದ್ಯಾಲಯಗಳಿಗೂ ಸೇರಿದ ಕೆಲಸವೆಂದು ಗ್ರಾಮ ಪಂಚಾಯತಿ ಪಕ್ಕಕ್ಕೆ ಸರಿದು ನಿಲ್ಲುವುದು ವಾಡಿಕೆ. ಎಚ್‌ಐವಿ ಸೋಂಕಿನೊಂದಿಗೆ ಬೆಳೆಯುತ್ತಿರುವ ಹದಿಹರೆಯದವರ ವಿಷಯದಲ್ಲಿ ಈ ವಾಡಿಕೆಯನ್ನು ಬಿಡಬೇಕಾಗಿದೆ. ಔಷಧದ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿದೆ. ಉಳಿದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಮನೆಯ ಕಪಾಟಿನಲ್ಲಿ, ಶಾಲೆಯ ಹಾಜರಾತಿಯಲ್ಲಿ, ವಸತಿ ನಿಲಯದ ಪೆಟ್ಟಿಗೆಯಲ್ಲಿ, ಬಸ್ ನಿಲ್ದಾಣದಲ್ಲಿ ಇವೆ. ಅಲ್ಲಿಗೆ ಸಂಶೋಧಕರಿಗಿಂತ ಮೊದಲು ತಲುಪುವುದು ಪಂಚಾಯತಿಯೇ.

ಈ ಮಕ್ಕಳು ಯಾರು ಎಂಬುದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದ್ರಾಸಿನಲ್ಲಿ. ಸರ್ಕಾರದ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದದ್ದು 2004ರ ಏಪ್ರಿಲ್‌ನಲ್ಲಿ. ಮಕ್ಕಳಿಗಾಗಿಯೇ ರೂಪಿಸಿದ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2006ರಲ್ಲಿ. ತಡೆಗಟ್ಟುವ ಕ್ರಮಗಳಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ. 15ರಿಂದ 45ರಷ್ಟಿರುತ್ತದೆ. ಸರಿಯಾದ ಚಿಕಿತ್ಸೆ ದೊರೆತರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಸೋಂಕಿತ ಗರ್ಭಿಣಿಯರೆಲ್ಲರಿಗೂ ಜೀವನಪರ್ಯಂತದ ಮೂರು ಔಷಧಗಳ ಚಿಕಿತ್ಸೆಯನ್ನು ನಮ್ಮ ದೇಶ ಒಪ್ಪಿಕೊಂಡದ್ದು 2014ರಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಹುಟ್ಟುವಾಗಲೇ ಸೋಂಕು ಪಡೆದು, ಬಾಲ್ಯವನ್ನು ದಾಟಿ ಬದುಕುಳಿದ ಮಕ್ಕಳೇ ಇಂದಿನ ಹದಿಹರೆಯದವರಲ್ಲಿ ಬಹುಪಾಲು. ವ್ಯವಸ್ಥೆ ತಡವಾಗಿ ಬಂದುದರ ಬೆಲೆಯನ್ನು ಪ್ರತಿದಿನ ತೆರುತ್ತಿರುವವರು ಇವರು. ಅನೇಕರ ತಂದೆತಾಯಿಯರು ಚಿಕಿತ್ಸೆ ಸಿಗುವ ಮೊದಲೇ ತೀರಿಕೊಂಡಿದ್ದಾರೆ. ಸಾಕುತ್ತಿರುವವರು ಅಜ್ಜಿ, ಸೋದರಮಾವ ಅಥವಾ ದೊಡ್ಡಮ್ಮ.

ದೇಶದಲ್ಲಿ ಸೋಂಕಿತರ ಸಂಖ್ಯೆ ಸುಮಾರು 25 ಲಕ್ಷವೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಅಂದಾಜು ಹೇಳುತ್ತದೆ. ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶಗಳ ನಂತರದ ಸ್ಥಾನ ಕರ್ನಾಟಕದ್ದು; ಇಲ್ಲಿಯ ಸಂಖ್ಯೆ ಎರಡೂಮುಕ್ಕಾಲು ಲಕ್ಷದ ಆಸುಪಾಸು. ಇವರಲ್ಲಿ ಹದಿಹರೆಯದವರು ಎಷ್ಟು ಎಂದು ಕೇಳಿದರೆ ಉತ್ತರ ಸುಲಭವಾಗಿ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹದಿಹರೆಯವೆಂದರೆ 10ರಿಂದ 19 ವರ್ಷ. ಆದರೆ ಸೋಂಕಿನ ಅಂಕಿಅಂಶಗಳು ಸಾಮಾನ್ಯವಾಗಿ ಎರಡೇ ಕಾಲಂಗಳಲ್ಲಿ ಬರುತ್ತವೆ: 15 ವರ್ಷದೊಳಗಿನ ಮಕ್ಕಳು, 15 ವರ್ಷ ಮೀರಿದ ವಯಸ್ಕರು. ಹದಿಹರೆಯದವರು ನಡುವೆ ಸೀಳಿಹೋಗುತ್ತಾರೆ. ಹದಿನಾಲ್ಕರ ಹುಡುಗಿ ಕೈಗೂಸಿನ ಜೊತೆಗೆ, ಹದಿನಾರರ ಹುಡುಗ ಐವತ್ತರ ಲಾರಿ ಚಾಲಕನ ಜೊತೆಗೆ ಲೆಕ್ಕವಾಗುತ್ತಾರೆ. ಕಾಲಂ ಇಲ್ಲದ ವಿಷಯಕ್ಕೆ ಕ್ರಿಯಾ ಯೋಜನೆಯೂ ಇರುವುದಿಲ್ಲ, ಅನುದಾನವೂ ಇರುವುದಿಲ್ಲ ಎಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ವಯಸ್ಸನ್ನು ಐದೈದು ವರ್ಷಗಳ ಗುಂಪುಗಳಾಗಿ ವಿಂಗಡಿಸಿ ವರದಿ ಮಾಡಬೇಕೆಂಬ ತಜ್ಞರ ಬೇಡಿಕೆ ನೋಡಲು ಸಣ್ಣದು. ಆದರೆ ಸಂಶೋಧನೆಯ ಮೊದಲ ಆದ್ಯತೆ ಅಲ್ಲಿಂದಲೇ ಆರಂಭವಾಗುತ್ತದೆ.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಏಡ್ಸ್ ಸೊಸೈಟಿ ಸೇರಿ ಸೋಂಕಿತ ಹದಿಹರೆಯದವರ ಬಗ್ಗೆ ಜಾಗತಿಕ ಸಂಶೋಧನಾ ಕಾರ್ಯಸೂಚಿಯೊಂದನ್ನು ಪ್ರಕಟಿಸಿದವು. ಅದನ್ನು ರೂಪಿಸಿದ ಕ್ರಮ ಗಮನಾರ್ಹ. ಹಲವು ದೇಶಗಳ ವೈದ್ಯರು, ಸಂಶೋಧಕರು, ಕ್ಷೇತ್ರ ಕಾರ್ಯಕರ್ತರಿಂದ ಪ್ರಶ್ನೆಗಳನ್ನು ಆಹ್ವಾನಿಸಿ, ಒಂದೇ ಬಗೆಯವನ್ನು ಕೂಡಿಸಿ, ಉತ್ತರ ದೊರಕಿಸಬಹುದೇ, ದೊರೆತರೆ ಪರಿಣಾಮ ಎಷ್ಟು ಎಂಬಂತಹ ಮಾನದಂಡಗಳ ಮೇಲೆ ಅಂಕ ನೀಡಲಾಯಿತು. ವಾರ್ಡ್ ಸಭೆಗಳ ಬೇಡಿಕೆಗಳನ್ನು ಗ್ರಾಮಸಭೆಯಲ್ಲಿ ಆದ್ಯತೆಯ ಮೇರೆಗೆ ಜೋಡಿಸುವ ಕ್ರಮಕ್ಕೆ ಇದು ದೂರವಲ್ಲ. ಪರೀಕ್ಷೆ, ಚಿಕಿತ್ಸೆ, ಸೇವೆಯನ್ನು ತಲುಪಿಸುವ ಬಗೆ ಎಂಬ ಮೂರು ಭಾಗಗಳಲ್ಲಿ ಪ್ರಶ್ನೆಗಳು ವಿಂಗಡಣೆಯಾದವು. ಮಾತ್ರೆಯನ್ನು ಬಿಡದೆ ನುಂಗುವಂತೆ ಮಾಡುವುದು ಹೇಗೆ, ಚಿಕಿತ್ಸೆಯಿಂದ ಜಾರಿಹೋಗದಂತೆ ಉಳಿಸಿಕೊಳ್ಳುವುದು ಹೇಗೆ, ಮನೆಯವರ ಹಾಗೂ ಸಮವಯಸ್ಕರ ಬೆಂಬಲ ಎಷ್ಟು ಕೆಲಸ ಮಾಡುತ್ತದೆ ಎಂಬಂತಹ ಪ್ರಶ್ನೆಗಳು ಅದರಲ್ಲಿ ಮುಂಚೂಣಿಯಲ್ಲಿವೆ.

ಹೊಸ ಔಷಧಗಳೂ ಆ ಪಟ್ಟಿಯಲ್ಲಿವೆ. ಅವುಗಳಲ್ಲಿ ಪ್ರಗತಿಯೂ ಆಗಿದೆ. ಡೋಲುಟೆಗ್ರಾವಿರ್ ಒಳಗೊಂಡ, ದಿನಕ್ಕೊಂದೇ ಮಾತ್ರೆ ಸಾಕಾಗುವ ಸಂಯೋಜನೆ ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಸಿಗುತ್ತಿದೆ. ಎರಡು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿಗೆ 12 ವರ್ಷ ಮೀರಿದವರಲ್ಲಿ ಬಳಸಲು ಅಮೆರಿಕ 2022ರಲ್ಲಿ ಅನುಮತಿ ನೀಡಿದೆ. ಅದು ಇಲ್ಲಿಯ ಹಳ್ಳಿಯ ಮಗುವಿಗೆ ಯಾವಾಗ ತಲುಪುತ್ತದೆ ಎಂಬುದು ಬೆಲೆ ಮತ್ತು ನೀತಿಗೆ ಬಿಟ್ಟ ಮಾತು. ಗ್ರಾಮ ಪಂಚಾಯತಿ ಅದನ್ನು ಕಾಯುತ್ತ ಕೂರಬೇಕಾಗಿಲ್ಲ.

ಕುಡಿಯುವ ನೀರಿನ ಯೋಜನೆಯೊಂದರಲ್ಲಿ ಮೇಲ್ತೊಟ್ಟಿ ತುಂಬಿದ್ದು ಕೊನೆಯ ಮನೆಯ ನಲ್ಲಿ ಒಣಗಿದ್ದರೆ ಅನುಭವಿ ನೀರಗಂಟಿ ತೊಟ್ಟಿಯನ್ನು ನೋಡಲು ಹೋಗುವುದಿಲ್ಲ; ಕೊಳವೆಯ ಕೂಡುಗಳನ್ನು ಅಗೆದು ನೋಡುತ್ತಾನೆ. ಸೋರಿಕೆ ಸಾಮಾನ್ಯವಾಗಿ ಅಲ್ಲಿಯೇ. ಹದಿಹರೆಯದವರ ಚಿಕಿತ್ಸೆಯಲ್ಲಿಯೂ ಔಷಧದ ದಾಸ್ತಾನು ತುಂಬಿದೆ. ಸೋರುವುದು ಬದುಕು ಒಂದು ಹಂತದಿಂದ ಇನ್ನೊಂದಕ್ಕೆ ಕೂಡುವ ಜಾಗಗಳಲ್ಲಿ: ತನಗೇನಾಗಿದೆ ಎಂದು ಮಗುವಿಗೆ ತಿಳಿಯುವಾಗ, ಮನೆ ಬಿಟ್ಟು ವಸತಿ ನಿಲಯಕ್ಕೆ ಹೋಗುವಾಗ, ಮನೆಮಂದಿ ಗುಳೆ ಹೊರಡುವಾಗ, ಹದಿನೆಂಟು ತುಂಬುವಾಗ.

ಮೊದಲನೆಯದನ್ನು ನೋಡೋಣ. ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಬಹುದು. ಐದನೆಯ ವಯಸ್ಸಿನಿಂದ ಅಜ್ಜಿ ಅವನಿಗೆ ರಾತ್ರಿ ಊಟವಾದ ಮೇಲೆ ಮಾತ್ರೆ ಕೊಡುತ್ತಿದ್ದಾಳೆ. ಯಾಕೆಂದು ಕೇಳಿದಾಗ ಒಮ್ಮೆ ರಕ್ತ ಕಡಿಮೆ ಎಂದಳು, ಒಮ್ಮೆ ದಮ್ಮು ಎಂದಳು. ಹನ್ನೆರಡು ತುಂಬಿದ ಹುಡುಗ ಓದು ಬಲ್ಲವನು. ಡಬ್ಬಿಯ ಮೇಲಿನ ಹೆಸರನ್ನು ಯಾರದೋ ಮೊಬೈಲಿನಲ್ಲಿ ಹುಡುಕುತ್ತಾನೆ. ಒಂದೇ ಗಳಿಗೆಯಲ್ಲಿ ಅವನಿಗೆ ತನ್ನ ಕಾಯಿಲೆಯೂ ತಿಳಿಯುತ್ತದೆ, ತಂದೆತಾಯಿ ಸತ್ತದ್ದು ಯಾತರಿಂದ ಎಂಬುದೂ ತಿಳಿಯುತ್ತದೆ, ಅಜ್ಜಿ ಸುಳ್ಳು ಹೇಳಿದಳೆಂಬುದೂ ತಿಳಿಯುತ್ತದೆ. ಮರುದಿನದಿಂದ ಮಾತ್ರೆ ಬಾಯಿಗೆ ಹೋಗದೆ ಹಿತ್ತಲಿಗೆ ಹೋಗುತ್ತದೆ. ಅಜ್ಜಿಯದು ತಪ್ಪೆನ್ನುವಂತಿಲ್ಲ, ಹೇಗೆ ಹೇಳಬೇಕೆಂದು ಆಕೆಗೆ ಯಾರೂ ತಿಳಿಸಿಕೊಟ್ಟಿಲ್ಲ. ಶಾಲೆಗೆ ಹೋಗುವ ವಯಸ್ಸಿನ ಮಗುವಿಗೆ ವಿಷಯವನ್ನು ಹಂತಹಂತವಾಗಿ, ಗ್ರಹಿಕೆಗೆ ತಕ್ಕಂತೆ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿಯೇ ಮಾರ್ಗಸೂಚಿ ನೀಡಿದೆ. ಆದರೆ ಅಕ್ಷರ ಬಾರದ ಅಜ್ಜಿ, ತಿಂಗಳಿಗೊಮ್ಮೆ ಕೆಲವೇ ನಿಮಿಷ ಸಿಗುವ ಆಪ್ತಸಮಾಲೋಚಕರು, ಒಂದೇ ಕೋಣೆಯ ಮನೆ ಇರುವಲ್ಲಿ ಆ ಮಾತನ್ನು ಯಾವ ಶಬ್ದಗಳಲ್ಲಿ, ಯಾರ ಬಾಯಿಂದ ಆಡಿಸಬೇಕು? ಕನ್ನಡದಲ್ಲಿ ಈ ಸಂಭಾಷಣೆಯ ಮಾದರಿಗಳನ್ನು ರೂಪಿಸಿ, ಬಳಸಿ, ಫಲವನ್ನು ಅಳೆದು ನೋಡುವುದೇ ಒಂದು ಸಂಶೋಧನೆ. ಅದಕ್ಕೆ ಪ್ರಯೋಗಶಾಲೆ ಬೇಡ.

ವಸತಿ ನಿಲಯದ ಕತೆ ಇನ್ನೂ ಸರಳ, ಅಷ್ಟೇ ಕಠಿಣ. ಇಪ್ಪತ್ತು ಮಕ್ಕಳು ಮಲಗುವ ಹಾಲಿನಲ್ಲಿ ದಿನವೂ ಒಂದೇ ಹೊತ್ತಿಗೆ ಮಾತ್ರೆ ನುಂಗುವವನನ್ನು ಉಳಿದ ಹತ್ತೊಂಬತ್ತು ಮಂದಿ ಎರಡನೆಯ ವಾರ ಪ್ರಶ್ನಿಸುತ್ತಾರೆ. ನಿಲಯ ಪಾಲಕರಿಗೆ ಹೇಳಿದರೆ ವಿಷಯ ಹೊರಬೀಳುವ ಭಯ. ಹೇಳದಿದ್ದರೆ ಮಾತ್ರೆ ಇಡಲು ಜಾಗವಿಲ್ಲ. ಜೊತೆಯಲ್ಲಿ ಉಂಡರೆ, ಆಡಿದರೆ, ಪಕ್ಕದಲ್ಲಿ ಮಲಗಿದರೆ ಎಚ್‌ಐವಿ ಹರಡುವುದಿಲ್ಲವೆಂಬ ಸಂಗತಿ ಪಠ್ಯಪುಸ್ತಕದಲ್ಲಿಯೇ ಇದ್ದರೂ ಊಟದ ಸಾಲಿನಲ್ಲಿ ಅದು ನೆನಪಾಗುವುದಿಲ್ಲ. ನಿಲಯದ ಪ್ರತಿಯೊಂದು ಮಗುವಿಗೂ ಬೀಗವಿರುವ ಸಣ್ಣ ಕಪಾಟು ಕೊಟ್ಟರೆ ಮಾತ್ರೆ ತಪ್ಪುವುದು ಎಷ್ಟು ಕಡಿಮೆಯಾದೀತು? ಉತ್ತರ ಹುಡುಕಲು ಬೇಕಾದ ಖರ್ಚು ಒಂದು ಹೈಮಾಸ್ಟ್ ದೀಪದ ಖರ್ಚಿಗಿಂತ ಹೆಚ್ಚಿರಲಾರದು.

ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ನಡೆದ ಅಧ್ಯಯನವೊಂದನ್ನು ಇಲ್ಲಿ ವಿವರವಾಗಿ ನೋಡುವುದು ಉಚಿತ. ಲೂಸಿ ಕ್ಲೂವರ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಸೋಂಕಿತ ಹದಿಹರೆಯದವರನ್ನು ಮಾತನಾಡಿಸಿ, ನಗದು ಸಹಾಯ, ಶಾಲೆಯ ಊಟ, ಬಟ್ಟೆ, ಕ್ರೀಡಾ ಗುಂಪು ಮೊದಲಾದ ಅನೇಕ ನೆರವುಗಳಲ್ಲಿ ಯಾವುದರೊಂದಿಗೆ ಮಾತ್ರೆಯ ಶಿಸ್ತು ಕೂಡಿಬರುತ್ತದೆ ಎಂದು ಲೆಕ್ಕ ಹಾಕಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂರು ಸಂಗತಿಗಳು ಎದ್ದು ಕಂಡವು: ದಿನಕ್ಕೆ ಎರಡು ಹೊತ್ತಿನ ಊಟ, ಸೋಂಕಿತರ ಬೆಂಬಲ ಗುಂಪು, ಮತ್ತು ಎಲ್ಲಿದ್ದೀಯ, ಏನು ಮಾಡುತ್ತಿದ್ದೀಯ ಎಂದು ವಿಚಾರಿಸುವ ಒಬ್ಬ ಹಿರಿಯರು. ಮೂರೂ ಇಲ್ಲದವರಲ್ಲಿ ಮಾತ್ರೆ ತಪ್ಪಿಸುವವರು ಶೇ. 54, ಮೂರೂ ಇದ್ದವರಲ್ಲಿ ಶೇ. 18. ಇದು ಒಂದು ಬಾರಿ ಮಾಡಿದ ಸಮೀಕ್ಷೆ, ಮಕ್ಕಳು ತಾವೇ ಹೇಳಿದ ಮಾಹಿತಿ; ಕಾರಣ ಮತ್ತು ಪರಿಣಾಮಗಳನ್ನು ಇದರಿಂದ ಸಾಧಿಸಿ ತೋರಿಸಲಾಗದು ಎಂಬ ಎಚ್ಚರಿಕೆ ಅಗತ್ಯ. ಆದರೂ ಆ ಮೂರರಲ್ಲಿ ಒಂದಾದರೂ ಔಷಧವೇ? ಊಟ, ಗೆಳೆಯರು, ವಿಚಾರಿಸುವ ಹಿರಿಯರು. ಇವು ಆರೋಗ್ಯ ಇಲಾಖೆಯ ಖಾತೆಗಿಂತ ಹೆಚ್ಚಾಗಿ ಊರಿನ ಖಾತೆಗೆ ಸೇರಿದವು.

ಗೆಳೆಯರ ವಿಷಯದಲ್ಲಿ ಜಿಂಬಾಬ್ವೆಯ ಅನುಭವ ಇನ್ನೂ ಗಟ್ಟಿಯಾದದ್ದು. ಅಲ್ಲಿ 2004ರಲ್ಲಿ ಹರಾರೆಯಲ್ಲಿ ಆರಂಭವಾದ ಜ್ವಾಂದಿರಿ ಎಂಬ ಕಾರ್ಯಕ್ರಮದ ಹೆಸರಿಗೆ ಶೋನಾ ಭಾಷೆಯಲ್ಲಿ ‘ನಾನಿರುವ ಹಾಗೆ’ ಎಂದರ್ಥ. ಸೋಂಕಿನೊಂದಿಗೆ ಬೆಳೆದು ಸ್ವಲ್ಪ ದೊಡ್ಡವರಾದ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ತಮಗಿಂತ ಚಿಕ್ಕವರ ಮನೆಗೆ ಹೋಗಿ ಮಾತನಾಡಿಸುವ ಕೆಲಸವನ್ನು ವಹಿಸಲಾಗುತ್ತದೆ. ಬಿಂಡುರಾ ಮತ್ತು ಶಾಮ್ವಾ ಎಂಬ ಗ್ರಾಮೀಣ ಜಿಲ್ಲೆಗಳಲ್ಲಿ 13ರಿಂದ 19 ವರ್ಷದವರ ನಡುವೆ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಸುಮಾರು ಎರಡು ವರ್ಷಗಳ ಬಳಿಕ ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ವೈರಾಣು ಹತೋಟಿಗೆ ಬಾರದವರು ಅಥವಾ ಮೃತಪಟ್ಟವರು ಶೇ. 36, ಗೆಳೆಯರ ಭೇಟಿಯೂ ದೊರೆತವರಲ್ಲಿ ಶೇ. 25. ಮೊದಲಿನ ಅಧ್ಯಯನದಂತೆ ಬರೀ ಬಾಯಿಮಾತಿನ ಲೆಕ್ಕವಲ್ಲ ಇದು, ರಕ್ತಪರೀಕ್ಷೆಯ ಲೆಕ್ಕ. ನಾಲ್ವರಲ್ಲಿ ಒಬ್ಬರು ಇನ್ನೂ ಹತೋಟಿಗೆ ಬಂದಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಹಾಗಾದರೆ ಇದನ್ನೇ ಇಲ್ಲಿ ಜಾರಿಗೆ ತರಬಹುದಲ್ಲ ಎಂದು ಸದಸ್ಯರು ಕೇಳಬಹುದು. ತೊಡಕು ಇಲ್ಲಿಯೇ ಇದೆ. ಸೋಂಕು ವ್ಯಾಪಕವಾಗಿರುವ ಆ ಪ್ರದೇಶದಲ್ಲಿ ಒಂದು ಚಿಕಿತ್ಸಾಲಯದ ವ್ಯಾಪ್ತಿಯಲ್ಲಿ ಹತ್ತಾರು ಹದಿಹರೆಯದವರು ಇರುತ್ತಾರೆ. ನಮ್ಮಲ್ಲಿ ಇಡೀ ಗ್ರಾಮ ಪಂಚಾಯತಿಗೆ ಒಬ್ಬರೋ ಇಬ್ಬರೋ ಇರಬಹುದು, ಯಾರೂ ಇಲ್ಲದಿರಲೂಬಹುದು. ಅಪರಿಚಿತ ಯುವಕ ಬೈಕಿನಲ್ಲಿ ಬಂದು ಒಂದೇ ಮನೆಯ ಕದ ತಟ್ಟಿದರೆ ಸಂಜೆಯೊಳಗೆ ಅರಳಿಕಟ್ಟೆಯಲ್ಲಿ ಚರ್ಚೆ. ಗೆಳೆಯರ ಬೆಂಬಲ ಕೆಲಸ ಮಾಡುತ್ತದೆಂಬುದು ಸಿದ್ಧವಾಗಿದೆ. ಹರಡಿಕೊಂಡಿರುವ ಕೆಲವೇ ಮಕ್ಕಳಿಗೆ, ಗುಟ್ಟು ರಟ್ಟಾಗದಂತೆ ಅದನ್ನು ಹೇಗೆ ತಲುಪಿಸಬೇಕು ಎಂಬುದು ಸಿದ್ಧವಾಗಿಲ್ಲ. ದೂರವಾಣಿಯ ಮೂಲಕವೇ, ಎಆರ್‌ಟಿ ಕೇಂದ್ರಕ್ಕೆ ಬರುವ ದಿನವನ್ನು ಹದಿಹರೆಯದವರಿಗೆಲ್ಲ ಒಂದೇ ಭಾನುವಾರಕ್ಕೆ ಹೊಂದಿಸುವ ಮೂಲಕವೇ? ಕರ್ನಾಟಕಕ್ಕೆ ತನ್ನದೇ ಉತ್ತರ ಬೇಕು.

ಇದೇ ತೊಡಕು ಪಂಚಾಯತಿಯ ಕಾರ್ಯವಿಧಾನವನ್ನೂ ಮುಟ್ಟುತ್ತದೆ. ಯಾವುದೇ ಯೋಜನೆ ಬಂದರೂ ಪಂಚಾಯತಿ ಮೊದಲು ಮಾಡುವ ಕೆಲಸ ಪಟ್ಟಿ ತಯಾರಿಸುವುದು. ಫಲಾನುಭವಿಗಳ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಬೇಕು, ಗ್ರಾಮಸಭೆಯಲ್ಲಿ ಓದಬೇಕು, ಛಾಯಾಚಿತ್ರವನ್ನು ಜಿಪಿಎಸ್ ಸಹಿತ ಅಪ್‌ಲೋಡ್ ಮಾಡಬೇಕು. ಮನೆ ಹಂಚಿಕೆಯಲ್ಲಿ, ಉದ್ಯೋಗ ಖಾತರಿಯಲ್ಲಿ ಇದು ಪಾರದರ್ಶಕತೆಯ ಜೀವಾಳ. ಈ ಮಕ್ಕಳ ವಿಷಯದಲ್ಲಿ ಅಂತಹ ಒಂದು ಪಟ್ಟಿ ಒಂದು ಮಗುವಿನ ಓದನ್ನು, ಅದರ ಅಕ್ಕನ ಮದುವೆಯನ್ನು, ಅಜ್ಜಿಯ ಬಾಡಿಗೆ ಮನೆಯನ್ನು ಒಂದೇ ದಿನ ಮುಗಿಸಬಲ್ಲದು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಅಧಿನಿಯಮ ಸೋಂಕಿನ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಶಿಕ್ಷಣದಲ್ಲಿ ತಾರತಮ್ಯವನ್ನೂ ನಿಷೇಧಿಸುತ್ತದೆ. ಆದ್ದರಿಂದ ‘ನಮ್ಮ ಪಂಚಾಯತಿಯಲ್ಲಿ ಎಷ್ಟು ಮಂದಿ ಇದ್ದಾರೆ, ಹೆಸರು ಕೊಡಿ’ ಎಂದು ಆಶಾ ಕಾರ್ಯಕರ್ತೆಯನ್ನು ಕೇಳುವುದು, ಸದುದ್ದೇಶದಿಂದಲೇ ಆಗಿರಲಿ, ತಪ್ಪು. ಆಕೆ ಕೊಡಕೂಡದು.

ಪಟ್ಟಿಯಿಲ್ಲದೆ ನೆರವು ಕೊಡುವುದು ಹೇಗೆ ಎಂಬುದು ಈ ಇಡೀ ವಿಷಯದಲ್ಲಿ ಪಂಚಾಯತಿಗೆ ಎದುರಾಗುವ ನಿಜವಾದ ಪ್ರಶ್ನೆ. ಒಂದು ದಾರಿ ಗುರುತು ಹಚ್ಚದ ನೆರವು. ತಂದೆ ಅಥವಾ ತಾಯಿಯನ್ನು ಯಾವ ಕಾರಣಕ್ಕೇ ಕಳೆದುಕೊಂಡಿರಲಿ, ಅಂತಹ ಎಲ್ಲ ಮಕ್ಕಳನ್ನು ಒಂದೇ ಗುಂಪಾಗಿ ನೋಡುವುದು. ಬಂಧುಗಳ ಆಸರೆಯಲ್ಲಿರುವ ಅನಾಥ ಮಕ್ಕಳು, ವಿಧವೆಯರ ಮಕ್ಕಳು ಮೊದಲಾದವರಿಗೆ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವವಾಗಿ ತಿಂಗಳಿಗೆ 4,000 ರೂಪಾಯಿ ನೀಡುವ ಅವಕಾಶವಿದೆ. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅರ್ಹ ಕುಟುಂಬವೊಂದು ಅನಾಥ ಮಗುವಿನ ಹೆಸರಿನಲ್ಲಿ ಅರ್ಜಿ ಸಲ್ಲಿಸುವಾಗ ಕಾಯಿಲೆಯ ಹೆಸರು ಬರೆಯಬೇಕಾದ ಪ್ರಮೇಯವೇ ಇಲ್ಲ. ಅರಿವು ಕೇಂದ್ರದಲ್ಲಿ ಸಂಜೆಯ ಓದು, ಮಕ್ಕಳ ಗ್ರಾಮಸಭೆ, ಶಾಲೆಯ ಬಿಸಿಯೂಟ ಎಲ್ಲವೂ ಈ ಬಗೆಯವೇ. ಅಲ್ಲಿ ಸೋಂಕಿತ ಮಗು ಇತರ ಮಕ್ಕಳ ನಡುವೆ ಒಂದು ಮಗುವಾಗಿಯೇ ಇರುತ್ತದೆ. ಇಂತಹ ನೆರವಿನಿಂದ ಸೋಂಕಿತ ಮಕ್ಕಳ ವೈರಲ್ ಲೋಡ್ ಇಳಿಯುತ್ತದೆಯೇ ಎಂದು ಎಆರ್‌ಟಿ ಕೇಂದ್ರ ಹೆಸರಿಲ್ಲದ ಅಂಕಿಗಳಲ್ಲಿ ಅಳೆಯಬಹುದು. ಪಂಚಾಯತಿಗೆ ಹೆಸರು ಗೊತ್ತಾಗಬೇಕಾಗಿಲ್ಲ. ಹೀಗೆ ಅಳೆದು ನೋಡುವುದು ಈ ಜಿಲ್ಲೆ ಕೈಗೆತ್ತಿಕೊಳ್ಳಬಹುದಾದ ಅಧ್ಯಯನ. ಜಿಲ್ಲಾ ಪಂಚಾಯತಿಯ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಅದನ್ನು ಪರಿಶೀಲಿಸಬೇಕು.

ಅದೇ ಅಧಿನಿಯಮದ ಇನ್ನೆರಡು ಅಂಶಗಳು ಪಂಚಾಯತಿ ಕಚೇರಿಯ ಮೇಜಿನ ಮೇಲೆಯೇ ಬರುತ್ತವೆ. ತಂದೆತಾಯಿ ತೀರಿದ ಮನೆಯ ಇ-ಸ್ವತ್ತು ಖಾತೆಯನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ದೊಡ್ಡಪ್ಪ ಚಿಕ್ಕಪ್ಪಂದಿರು ಬಂದಾಗ ಮಗು ಎಲ್ಲಿದೆ ಎಂಬ ಪ್ರಶ್ನೆ ಕೇಳಬೇಕು. ಎಚ್‌ಐವಿ ಬಾಧಿತ ಮಗುವಿನ ಆಸ್ತಿಯ ದಾಖಲೆಗಳನ್ನು ಸುರಕ್ಷಿತವಾಗಿ ಇರಿಸಲು ಮಕ್ಕಳ ಕಲ್ಯಾಣ ಸಮಿತಿಯನ್ನು ಸಂಪರ್ಕಿಸುವ ಅವಕಾಶ ಈ ಕಾನೂನಿನಲ್ಲಿದೆ. ಎರಡನೆಯದಾಗಿ, ಬಾಧಿತ ಕುಟುಂಬವನ್ನು ನಿಭಾಯಿಸುತ್ತಿರುವ, ಸಾಕಷ್ಟು ತಿಳುವಳಿಕೆಯುಳ್ಳ 12ರಿಂದ 18 ವರ್ಷದ ಅಣ್ಣ ಅಥವಾ ಅಕ್ಕ ತನ್ನ ಕಿರಿಯ ಒಡಹುಟ್ಟಿದವರ ಪೋಷಕನಾಗಿ ಶಾಲಾ ಪ್ರವೇಶ, ಚಿಕಿತ್ಸೆ ಮೊದಲಾದವುಗಳಿಗೆ ಸಹಿ ಮಾಡಬಹುದು. ಹದಿನಾಲ್ಕರ ಹುಡುಗಿಯೊಬ್ಬಳು ತಮ್ಮನ ಕೈಹಿಡಿದು ಕಚೇರಿಗೆ ಬಂದರೆ ‘ದೊಡ್ಡವರನ್ನು ಕರೆದುಕೊಂಡು ಬಾ’ ಎಂದು ಕಳುಹಿಸುವ ಮೊದಲು ಇದು ನೆನಪಿರಬೇಕು.

ಸಂಶೋಧನೆಗೆ ಒಪ್ಪಿಗೆ ಕೊಡುವವರು ಯಾರೆಂಬುದೂ ಇಲ್ಲಿಯೇ ಸಿಕ್ಕಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಮಗು ಅಧ್ಯಯನದಲ್ಲಿ ಭಾಗವಹಿಸಲು ಪೋಷಕರ ಒಪ್ಪಿಗೆಯ ಜೊತೆಗೆ ಮಗುವಿನದೇ ಸಮ್ಮತಿಯೂ ಬೇಕು. ಕಾಗದದ ಮೇಲೆ ಪೋಷಕಿಯಲ್ಲದ ಅಜ್ಜಿ ಸಾಕುತ್ತಿರುವ ಮಗುವನ್ನು ಹಲವು ಅಧ್ಯಯನಗಳು ತೊಡಕೆಂದು ಕೈಬಿಡಬಹುದು. ಆಗ ಯಾರ ಕಷ್ಟ ಹೆಚ್ಚೋ ಅವರೇ ಲೆಕ್ಕದಿಂದ ಹೊರಗುಳಿಯುತ್ತಾರೆ.

ಗುಳೆಯ ವಿಷಯವನ್ನು ಕಲ್ಯಾಣ ಕರ್ನಾಟಕದ ಸದಸ್ಯರಿಗೆ ವಿವರಿಸಬೇಕಿಲ್ಲ. ಕೆಲಸ ಹುಡುಕಿ ಮನೆಮಂದಿಯೆಲ್ಲ ಹೊರಟರೆ ಎಆರ್‌ಟಿ ಕೇಂದ್ರದ ಮುಂದಿನ ತಾರೀಖು ಹಿಂದೆ ಉಳಿಯುತ್ತದೆ. ಹಲವು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡುವುದು, ಬೇರೆ ಊರಿನ ಕೇಂದ್ರದಲ್ಲಿ ಪಡೆಯುವಂತೆ ಮಾಡುವುದು ಇವೆಲ್ಲ ಸಾಧ್ಯ. ಆದರೆ ಹೊರಡುವ ಮುನ್ನ ಕೇಳಬೇಕೆಂಬುದು ಕುಟುಂಬಕ್ಕೆ ತಿಳಿದಿರಬೇಕು. 1097 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಪ್ರತಿ ಪಂಚಾಯತಿಯ ಗೋಡೆಯ ಮೇಲೆ ಬರೆಸುವುದಕ್ಕೆ ಯಾರ ಹೆಸರೂ ಬೇಕಾಗುವುದಿಲ್ಲ.

ಕೊನೆಯ ಕೂಡು ಹದಿನೆಂಟನೆಯ ವರ್ಷ. ಪ್ರಾಯೋಜಕತ್ವದ ಹಣ ಅಲ್ಲಿಗೆ ನಿಲ್ಲುತ್ತದೆ. ಹತ್ತು ವರ್ಷ ಹೆಸರು ಹಿಡಿದು ಕರೆಯುತ್ತಿದ್ದ ಮಕ್ಕಳ ವಿಭಾಗದ ದಾದಿಯ ಬದಲು ವಯಸ್ಕರ ಉದ್ದನೆಯ ಸಾಲು ಎದುರಾಗುತ್ತದೆ. ಹುಡುಗನಿಗೆ ಕೆಲಸ ಹುಡುಕಬೇಕು. ತಿಂಗಳಿಗೊಂದು ರಜೆ ಯಾಕೆ ಎಂದು ಮಾಲೀಕ ಕೇಳುತ್ತಾನೆ. ಹುಡುಗಿಗೆ ಮನೆಯವರು ಗಂಡು ನೋಡತೊಡಗುತ್ತಾರೆ. ಚಿಕಿತ್ಸೆಯಿಂದ ವೈರಾಣು ಪತ್ತೆಯಾಗದಷ್ಟು ಇಳಿದಿದ್ದರೆ ದಾಂಪತ್ಯದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ, ಆರೋಗ್ಯವಂತ ಮಗುವನ್ನು ಹೆರಬಹುದು ಎಂಬುದನ್ನು ಆಕೆಗೆ ಯಾರು, ಯಾವಾಗ ಹೇಳುತ್ತಾರೆ? ವರನ ಕಡೆಯವರಿಗೆ ಆಕೆ ಏನು ಹೇಳಬೇಕು, ಹೇಳಿದ ಮೇಲೆ ಸಂಬಂಧ ಮುರಿದರೆ ಊರಿನಲ್ಲಿ ಆಕೆಯ ಜೊತೆ ನಿಲ್ಲುವವರು ಯಾರು? ಮಕ್ಕಳ ಚಿಕಿತ್ಸೆಯಿಂದ ವಯಸ್ಕರ ಚಿಕಿತ್ಸೆಗೆ ದಾಟಿಸುವ ಬಗೆ ಯಾವುದು ಒಳ್ಳೆಯದು ಎಂಬ ಪ್ರಶ್ನೆ ಜಗತ್ತಿನೆಲ್ಲೆಡೆ ಇನ್ನೂ ತೆರೆದಿದೆ. ಮದುವೆಯ ಪ್ರಶ್ನೆಯನ್ನು ಕೂಡಿಸಿಕೊಂಡರೆ ಇಲ್ಲಿ ಅದು ಇನ್ನಷ್ಟು ಜಟಿಲ. 2014ಕ್ಕೆ ಮೊದಲು ಹುಟ್ಟಿದ ಮಕ್ಕಳಲ್ಲಿ ಕೊನೆಯವರು ಹದಿನೆಂಟು ದಾಟುವುದು 2031ರಲ್ಲಿ. ಅಲ್ಲಿಯವರೆಗೆ ಪ್ರತಿ ವರ್ಷವೂ ಒಂದಷ್ಟು ಮಂದಿ ಈ ಕೂಡನ್ನು ದಾಟುತ್ತಿರುತ್ತಾರೆ.